ಕಡ್ಡಿ ಮುರಿಯಲು ದಿಲ್ಲಿಗೆ

ಗಡಹಿಂಗ್ಲಜಕ್ಕೆ ನಾನು ಹೋದದ್ದು ಮೆಣಸಿನಕಾಯಿಯ ಬಗ್ಗೆ ಬರೆಯಲು. ಸಂಕೇಶ್ವರಿ ಮೆಣಸಿನಕಾಯಿ ಹೆಸರಿಗೆ ಕರ್ನಾಟಕದ್ದಾದರೂ ಅದರ ದೊಡ್ಡ ಪೇಟೆ ಗಡಿಯಾಚೆ, ಮಹಾರಾಷ್ಟ್ರದ ಈ ಊರಲ್ಲಿ. ಬೆಳಗಾವಿಯಿಂದ ಸಂಕೇಶ್ವರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ಅರ್ಧ ಗಂಟೆಯಲ್ಲಿ ಇಳಿದೆ. ಅಂದು ಪೇಟೆಯಲ್ಲಿ ಲಿಲಾವು ಇರಲಿಲ್ಲ. ಚಹಾ ಕುಡಿಯಲು ಹೊಕ್ಕ ಅಂಗಡಿ ಕೋರ್ಟಿಗೆ ಸಮೀಪದ್ದು. ಪಕ್ಕದ ತಗಡಿನ ಚಪ್ಪರದಡಿ ಕೂತಿದ್ದ ಅರವತ್ತು ದಾಟಿದ ಟೈಪಿಸ್ಟರು ಮರಾಠಿಯಲ್ಲಿ ಒಬ್ಬರನ್ನು ಗದರುತ್ತ, ಅದೇ ಉಸಿರಿನಲ್ಲಿ ಕನ್ನಡದಲ್ಲಿ ಇನ್ನೊಬ್ಬಳನ್ನು ಸಮಾಧಾನ ಮಾಡುತ್ತಿದ್ದರು. ಮೆಣಸಿನಕಾಯಿ ಲೇಖನ ಅಲ್ಲಿಗೆ ಮುಗಿಯಿತು.

ಊರಿನ ಚರಿತ್ರೆ ಬೇಗ ಹೇಳಿಬಿಡುತ್ತೇನೆ. ಅಂಬೋಲಿಯ ಕಡೆಯಿಂದ ಬರುವ ಹಿರಣ್ಯಕೇಶಿ ಈ ಊರನ್ನು ಸವರಿ, ಸಂಕೇಶ್ವರ ದಾಟಿ ಘಟಪ್ರಭೆಗೆ ಸೇರುತ್ತದೆ. ಊರು ಸೇರಿದ್ದ ಕೊಲ್ಹಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಪಕ್ಕದ ಚಂದಗಡ ತಾಲ್ಲೂಕು ಬೆಳಗಾವಿಯನ್ನು ಬಿಟ್ಟು ಆ ಕಡೆ ಸೇರಿತು, ಸಂಕೇಶ್ವರ ನಿಪ್ಪಾಣಿಗಳು ಈ ಕಡೆಗೆ ಬಂದವು. ಹೀಗಾಗಿ ಗಡಹಿಂಗ್ಲಜದವನು ತನ್ನದೇ ಜಿಲ್ಲಾಸ್ಥಳ ಕೊಲ್ಹಾಪುರಕ್ಕೆ ಹೆದ್ದಾರಿ ಹಿಡಿದು ಹೊರಟರೆ ನಡುವೆ ಕರ್ನಾಟಕವನ್ನು ಹಾದು ಹೋಗುತ್ತಾನೆ. ಬೀಗತನಕ್ಕೆ ಇದ್ಯಾವುದೂ ಅಡ್ಡ ಬಂದಿಲ್ಲ. ಹೆಣ್ಣು ಹುಕ್ಕೇರಿಯದು, ಗಂಡು ಗಡಹಿಂಗ್ಲಜದ ಬಳಿಯ ನೂಲದವನು. ಲಗ್ನಪತ್ರಿಕೆಯ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ.

“ಕೂಡೂವಾಗ ಗಡಿ ಕಾಣಂಗಿಲ್ಲರೀ, ಬಿಡೂವಾಗ ಕಾಣತೈತಿ” ಅಂದರು ಟೈಪಿಸ್ಟರು. ಮೊದಲು ನನಗೆ ಇದು ಗಿರಾಕಿಗಳಿಗೆಲ್ಲ ಹೇಳಿ ಹೇಳಿ ನುಣುಪಾದ ಮಾತು ಅನ್ನಿಸಿತ್ತು. ಅವರು ಲೆಕ್ಕ ಬಿಡಿಸಿದ ಮೇಲೆ ಪೆನ್ನು ತೆಗೆದೆ.

ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಆದ ತಿದ್ದುಪಡಿಯಂತೆ ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ತವರಿಗೆ ಮರಳಿದ ಹೆಣ್ಣುಮಗಳಿಗೆ ಅದು ದೊಡ್ಡ ಆಸರೆ, ಬೇಕಾದದ್ದೇ. ಆದರೆ ಆಕೆ ಸಂಕೇಶ್ವರದ ಕಡೆ ದಾವೆ ಹೂಡುತ್ತಾಳೆ, ಈತ ಗಡಹಿಂಗ್ಲಜದಲ್ಲಿ ಹೂಡುತ್ತಾನೆ. ಎರಡನ್ನೂ ಒಂದೇ ಕಡೆ ನಡೆಸಿರೆಂದು ಯಾರಾದರೂ ಕೇಳಬೇಕಲ್ಲ? ಒಂದೇ ಜಿಲ್ಲೆಯಾದರೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ, ಒಂದೇ ರಾಜ್ಯವಾದರೆ ಹೈಕೋರ್ಟಿಗೆ. ಒಂದು ರಾಜ್ಯದ ಕೋರ್ಟಿನಿಂದ ಇನ್ನೊಂದು ರಾಜ್ಯದ ಕೋರ್ಟಿಗೆ ದಾವೆ ವರ್ಗಾಯಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಂತೆ ಸುಪ್ರೀಂ ಕೋರ್ಟಿನದು. ಸಂಜೆ ಎಮ್ಮೆ ಕರೆದು ಮಗಳ ಮನೆಗೆ ಹಾಲು ಕೊಟ್ಟು ಬರುವಷ್ಟು ದೂರದ ಎರಡು ಊರುಗಳ ಜಗಳ ದಿಲ್ಲಿಗೆ, ಒಂದೂವರೆ ಸಾವಿರ ಕಿಲೋಮೀಟರಿಗೂ ಆಚೆ ಹೋಗಬೇಕು. ಹೋಗುವವರು ಕಡಿಮೆ. ಉಳಿದವರು ಎರಡೂ ಕಡೆ ತಾರೀಖಿಗೆ ಹಾಜರಾಗುತ್ತಾರೆ, ಒಮ್ಮೊಮ್ಮೆ ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ.

ವಿಚಿತ್ರವೆಂದರೆ ಕಾನೂನು ಬಹಳ ಮೊದಲೇ ಎಚ್ಚೆತ್ತ ಸೀಮೆಯಿದು. ಧಾರವಾಡದಲ್ಲಿ ಓದಿದ್ದ ಕೊಲ್ಹಾಪುರದ ಶಾಹೂ ಮಹಾರಾಜರು 1917ರಲ್ಲಿ ವಿಧವಾ ವಿವಾಹಕ್ಕೂ, 1919ರಲ್ಲಿ ಅಂತರ್ಜಾತಿ ವಿವಾಹಕ್ಕೂ ವಿಚ್ಛೇದನಕ್ಕೂ ಕಾಯ್ದೆ ತಂದರು. ಅದೇ ವರ್ಷ ಹೆಂಗಸರನ್ನು ಮನೆಯೊಳಗೆ ಹಿಂಸಿಸುವವರ ಮೇಲೂ ಕಾಯ್ದೆ ಬಂತು. ಬಡೋದೆಯ ಹಿಂದೂ ವಿಚ್ಛೇದನ ಕಾಯ್ದೆ 1931ರದು, ಮುಂಬಯಿ ಪ್ರಾಂತದ್ದು 1947ರದು, ದೇಶಕ್ಕೆಲ್ಲ ಬಂದದ್ದು 1955ರಲ್ಲಿ. ಕೊಲ್ಹಾಪುರದ ಕಾಯ್ದೆಗೆ ಜನರ ಬಾಯಲ್ಲಿ ಕಾಡಿಮೋಡ್ ಕಾಯ್ದೆ ಎಂದೇ ಹೆಸರು. ಕಾಡಿ ಎಂದರೆ ಕಡ್ಡಿ, ಮೋಡ್ ಎಂದರೆ ಮುರಿ. ಪಂಚರ ಮುಂದೆ ಕಡ್ಡಿ ಮುರಿದರೆ ಸಂಬಂಧ ಮುರಿದಂತೆ ಎಂಬ ಹಳೆಯ ರೂಢಿಯಿಂದ ಬಂದ ಮಾತು. ನಾವು ಕನ್ನಡದಲ್ಲಿ ‘ಕಡ್ಡಿ ಮುರಿದಂತೆ ಹೇಳಿದ’ ಎನ್ನುವಾಗ ಹೀಗೊಂದು ಪಂಚಾಯಿತಿಕಟ್ಟೆ ಕಣ್ಣ ಮುಂದೆ ಬರುವುದಿಲ್ಲ.

ಆ ರೂಢಿ ಪೂರ್ತಿ ಸತ್ತಿಲ್ಲ. 1955ರ ಕಾಯ್ದೆಯ 29ನೇ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ, ಆದರೆ ರೂಢಿ ಇದೆಯೆಂದು ಹೇಳುವವನೇ ಅದನ್ನು ರುಜುವಾತು ಮಾಡಬೇಕು. ಜನ ಅಷ್ಟು ಕೇಳಿಸಿಕೊಳ್ಳುವುದಿಲ್ಲ. ಮುದ್ರಾಂಕದ ಮೇಲೆ ಸೋಡಚೀಟಿ, ಅಂದರೆ ಬಿಡುಗಡೆಯ ಪತ್ರ, ಬರೆಸಿ, ಇಬ್ಬರ ಸಹಿ ಹಾಕಿಸಿ, ಕೆಲಸ ಮುಗಿಯಿತೆಂದು ಉಡಕಿ (ಮರುಮದುವೆ) ಮಾಡಿಕೊಡುತ್ತಾರೆ. ಹತ್ತು ವರ್ಷದ ನಂತರ ಹೊಲದ ಪಾಲಿಗೆ ಬಂದಾಗ ಮೊದಲ ಮದುವೆ ಇನ್ನೂ ಜೀವಂತ! “ನೂರರ ಸ್ಟ್ಯಾಂಪ್ ಹೋಗಿ ಐನೂರರದು ಬಂದ ಮ್ಯಾಲ ಸೋಡಚೀಟಿಗಿ ಮರ್ಯಾದಿ ಹೆಚ್ಚಾಗೇತಿ” ಎಂದು ಟೈಪಿಸ್ಟರು ನಕ್ಕರು. ಮಹಾರಾಷ್ಟ್ರ 2024ರ ಅಕ್ಟೋಬರಿನಲ್ಲಿ ಹಲವು ದಸ್ತಾವೇಜುಗಳ ಮುದ್ರಾಂಕವನ್ನು ನೂರರಿಂದ ಐನೂರಕ್ಕೆ ಏರಿಸಿತು. ಇವರು ಸೋಡಚೀಟಿ ಟೈಪು ಮಾಡುವುದನ್ನು ಬಿಟ್ಟು ಬಹಳ ವರ್ಷಗಳಾದವಂತೆ. ಪೂರ್ತಿ ನಂಬಲಿಲ್ಲ.

ಅವರ ನಿಜವಾದ ಕಸುಬು ಭಾಷಾಂತರ. ಇಲ್ಲಿನ ಕೋರ್ಟಿನ ಭಾಷೆ ಮರಾಠಿ. ಸಿಟ್ಟಿನಲ್ಲಿ ಬರೆದ ಪತ್ರ, ಮದುವೆ ಖರ್ಚಿನ ವಹಿ, ವಾಟ್ಸಾಪಿನ ಬೈಗುಳ ಎಲ್ಲ ಕನ್ನಡದಲ್ಲಿ. ಚಪ್ಪರದ ಮೂಲೆಯಲ್ಲಿ ಹಳೆಯ ಸೀರೆ ಹೊದ್ದ ಕನ್ನಡ ಟೈಪ್‌ರೈಟರ್ ಇದೆ, ಒತ್ತಕ್ಷರಕ್ಕೆ ಕಡೆಯ ಸಲ ಬೆರಳು ಬಿದ್ದದ್ದು ಯಾವಾಗಲೋ. ಈಗ ಮಗನ ಲ್ಯಾಪ್‌ಟಾಪು. ಯಂತ್ರ ಬದಲಾದರೂ ಅವರ ಗೋಳು ಅದೇ: ಕೆಲವು ಮಾತು ಗಡಿ ದಾಟುವುದಿಲ್ಲ. ಹೆಂಡತಿ ಗಂಡನ ಮನೆಯಲ್ಲಿ ನೆಲೆಯೂರಿ ಬಾಳುವುದಕ್ಕೆ ಮರಾಠಿಯಲ್ಲಿ ‘ನಾಂದಣೆ’ ಎಂಬ ಒಂದೇ ಪದ ಸಾಕು. ನಮ್ಮ ಹೆಂಗಸರು ‘ಬಾಳೇವು’ ಎನ್ನುತ್ತಾರೆ. ಅದರಲ್ಲಿ ಗಂಡನ ಮನೆಗಿಂತ ಬದುಕೇ ಹೆಚ್ಚು. “ಬಾಳೇವು ಮಾಡ್ತೀನಿ, ಆ ಮನ್ಯಾಗ ಒಲ್ಲೆ” ಎಂದು ಒಬ್ಬಾಕೆ ಬರೆಸಿದ್ದಳಂತೆ. ಅದನ್ನು ಮರಾಠಿಗೆ ಇಳಿಸಲು ಅವರಿಗೆ ಒಂದು ಮಧ್ಯಾಹ್ನ ಬೇಕಾಯಿತು.

ಇಚಲಕರಂಜಿಯಿಂದಲೂ ಅವರಲ್ಲಿಗೆ ಕಾಗದಗಳು ಬರುತ್ತವೆ. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗ ಕೂಡಿಸಿದ ಊರದು. ರಬಕವಿ, ಬನಹಟ್ಟಿಯ ನೇಕಾರರ ಮನೆತನಗಳಿಗೆ ಅಲ್ಲಿ ಕೊಟ್ಟು ತರುವ ಸಂಬಂಧ. ಜೀವನಾಂಶದ ಪ್ರತಿ ದಾವೆಯಲ್ಲೂ ಇಬ್ಬರೂ ಆಸ್ತಿ, ವರಮಾನದ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿತು. ತೀರ್ಪು ಒಳ್ಳೆಯದೇ. ಆದರೆ ಮೀಟರಿನ ಲೆಕ್ಕದಲ್ಲಿ ಕೂಲಿ ಎಣಿಸುವ ಮಗ್ಗದವನು ಹೂಡಿಕೆ, ವಿಮೆಗಳ ಕಾಲಮಿನ ಮುಂದೆ ಕೂತು ‘ಇಲ್ಲ, ಇಲ್ಲ’ ಎಂದು ಹೇಳಿಸಿಕೊಳ್ಳುವುದನ್ನು ಅಂದು ನೋಡಿದೆ. ತಿಂಗಳ ವರಮಾನ ಎಂಬಲ್ಲಿ ಆತ ಕೇಳಿದ: “ಕರೆಂಟ್ ಇದ್ದ ತಿಂಗಳದೋ, ಇಲ್ಲದ ತಿಂಗಳದೋ?”

ಕೊಲ್ಹಾಪುರದಲ್ಲಿ 2025ರ ಆಗಸ್ಟಿನಿಂದ ಮುಂಬಯಿ ಹೈಕೋರ್ಟಿನ ಸಂಚಾರಿ ಪೀಠ ಕೂರುತ್ತಿದೆ. ದಶಕಗಳ ಬೇಡಿಕೆ, ಆರು ಜಿಲ್ಲೆಗಳವರಿಗೆ ಮುಂಬಯಿಯ ಪ್ರಯಾಣ ಉಳಿಯಿತು. ಗಡಹಿಂಗ್ಲಜದಲ್ಲೂ ಅಂದು ಪೇಢೆ ಹಂಚಿದ್ದರಂತೆ. “ನಮ್ಮ ಸಂಕೇಶ್ವರದ ಕೇಸಿಗಿ ಅದರಿಂದ ಏನೂ ಇಲ್ಲ. ಅದಕ್ಕ ದಿಲ್ಲೀನ” ಎಂದು ಟೈಪಿಸ್ಟರು ಪೇಢೆಯ ಸಿಹಿಯನ್ನು ಅಲ್ಲಿಗೇ ಇಳಿಸಿದರು.

ಹೊರಡುವ ಹೊತ್ತಿಗೆ ಅವರು ಒಂದು ಕೊಡದ ಕತೆ ಹೇಳಿದರು. ಬಿಟ್ಟುಹೋದ ಹೆಂಡತಿಯ ಬಾಂಡೆ ಸಾಮಾನು ಎಣಿಸಿ ಪಟ್ಟಿ ಮಾಡಲು ಗಂಡನ ಮನೆಗೆ ಹೋದವರಿಗೆ ಕನ್ನಡ ಬರುತ್ತಿರಲಿಲ್ಲ. ಹಿತ್ತಾಳೆಯ ಮೇಲೆ ಕೊರೆದ ಹೆಸರೆಲ್ಲ ಕನ್ನಡ. ಇವರನ್ನು ಕರೆದೊಯ್ದರು. ತಾಟು, ತಂಬಿಗೆ, ಹಂಡೆ ಒಂದೊಂದನ್ನೇ ಬೆಳಕಿಗೆ ಹಿಡಿದು ಓದಿದರು. ಉಡುಗೊರೆ ಕೊಟ್ಟವರ ಹೆಸರಿನ ಮೇಲೆ ಪಾತ್ರೆಗಳು ಎರಡು ರಾಶಿಯಾದವು. ಒಂದು ತಾಮ್ರದ ಕೊಡದ ಮೇಲೆ ಮಾತ್ರ ‘ಸೋದರಮಾವನ ಉಡುಗೊರೆ’ ಎಂದಷ್ಟೇ ಇತ್ತು, ಹೆಸರಿಲ್ಲ. ಹುಡುಗಿಯ ಸೋದರಮಾವನೇ ಹುಡುಗನ ತಂದೆ. ನನಗೆ ಕೊಟ್ಟದ್ದು ಎಂದಳು ಆಕೆ. ನಮ್ಮಪ್ಪ ತಂದದ್ದು ಎಂದ ಆತ. ಮಾವ ತೀರಿಕೊಂಡಿದ್ದ. ಪಟ್ಟಿಯಲ್ಲಿ ಏನು ಬರೆಯಲಿ ಎಂದು ಪಟ್ಟಿ ಮಾಡುವವರು ಮರಾಠಿಯಲ್ಲಿ ಕೇಳಿದರು. ಇವರು ‘ತಾಮ್ರದ ಕೊಡ, ಒಂದು, ತಳ ಸ್ವಲ್ಪ ನೆಗ್ಗಿದೆ’ ಎಂದು ಬರೆಸಿ ಬಂದರು.