ತವರೇ ಪ್ರಯಾಣ ಹೊರಟಾಗ

(ಹೊರದೇಶದ ಮನೆಗಳಲ್ಲಿ ಎಳೆಯ ಮಕ್ಕಳ ಮಾತನ್ನು ಕುರಿತು ಮಾಡಿದ ಆಕಾಶವಾಣಿ ಭಾಷಣ)

ಹಾಸನದ ಯಾವ ಬಡಾವಣೆಯಲ್ಲಿ ಸಂಜೆಯ ಹೊತ್ತು ತಿರುಗಾಡಿದರೂ ಬೀಗ ಹಾಕಿದ ಒಂದಾದರೂ ಮನೆ ಕಣ್ಣಿಗೆ ಬೀಳುತ್ತದೆ. ಅಂಗಳದ ತುಳಸಿಗೆ ನೆರೆಮನೆಯವರು ನೀರೆರೆಯುತ್ತಿರುತ್ತಾರೆ. ವಿಚಾರಿಸಿದರೆ “ಬಾಣಂತನಕ್ಕೆ ಹೋಗಿದ್ದಾರೆ” ಎಂಬ ಉತ್ತರ ದೊರೆಯುತ್ತದೆ. ಎಲ್ಲಿಗೆ ಎಂದು ಈಗ ಯಾರೂ ಕೇಳುವುದಿಲ್ಲ. ಹೊಳೆನರಸೀಪುರದ ಕೋಟೆಬೀದಿಯಲ್ಲಾಗಲಿ, ಅರಕಲಗೂಡಿನಲ್ಲಾಗಲಿ, ಚನ್ನರಾಯಪಟ್ಟಣದಲ್ಲಾಗಲಿ ಈ ಮಾತು ಇಂದು ಅಷ್ಟೊಂದು ಸಹಜವಾಗಿಬಿಟ್ಟಿದೆ.

ಮಗಳು ಸೀಮಂತ ಮುಗಿಸಿಕೊಂಡು ತವರಿಗೆ ಬರುವುದು ನಮ್ಮ ಹಿರಿಯರ ಕ್ರಮವಾಗಿತ್ತು. ಈಗ ಮಗಳಿಗೆ ಬರಲು ಬಿಡುವಿಲ್ಲ. ತವರೇ ಪ್ರಯಾಣ ಹೊರಡುತ್ತದೆ. ಇದಕ್ಕೆ ಕಾರಣವುಂಟು. ಅಮೆರಿಕದಲ್ಲಿ 1993ರ ಕಾಯಿದೆಯಂತೆ ಅರ್ಹರಾದ ನೌಕರರಿಗೆ ಹೆರಿಗೆಯ ಸಂದರ್ಭದಲ್ಲಿ ದೊರೆಯುವ ರಜೆ 12 ವಾರಗಳು ಮಾತ್ರ, ಅದೂ ಸಂಬಳವಿಲ್ಲದ ರಜೆ. ಬ್ರಿಟನ್ನಿನಲ್ಲಿ 52 ವಾರಗಳವರೆಗೆ ಅವಕಾಶವುಂಟಾದರೂ ಅಷ್ಟೂ ಕಾಲಕ್ಕೆ ಸಂಬಳವಿಲ್ಲ. ಹೀಗಾಗಿ ಹೆಣ್ಣಿನ ತಂದೆತಾಯಿ ಮೊದಲು ಹೋಗಿ ಆರು ತಿಂಗಳಿರುವುದು, ಅವರು ಹಿಂದಿರುಗುವ ವೇಳೆಗೆ ಬೀಗರು ಹೊರಟು ಮತ್ತೆ ಆರು ತಿಂಗಳಿರುವುದು ಎಂಬ ಒಂದು ಅಲಿಖಿತ ಒಪ್ಪಂದ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಬೆಳೆದು ಬಂದಿದೆ. ಪ್ರವಾಸಿಗಳಿಗೆ ಅಮೆರಿಕ ಸಾಮಾನ್ಯವಾಗಿ ಒಂದು ಸಲಕ್ಕೆ ಕೊಡುವ ಅವಧಿಯೂ ಆರು ತಿಂಗಳೇ. ಪಂಚಾಂಗದ ಉತ್ತರಾಯಣ ದಕ್ಷಿಣಾಯನಗಳಂತೆ ಅಜ್ಜಿಯರು ಹೀಗೆ ಸರದಿಯ ಮೇಲೆ ಹೋಗಿ ಬರುತ್ತಾರೆ.

ನಮ್ಮ ಜಿಲ್ಲೆಗೆ ಅಮೆರಿಕ ಹೊಸದೇನೂ ಅಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹೇಮಾವತಿಯ ದಡದಿಂದ ಹೋಗಿ ಕಂಡದ್ದನ್ನು ‘ಅಮೆರಿಕಾದಲ್ಲಿ ಗೊರೂರು’ ಎಂಬ ಪುಸ್ತಕವಾಗಿ ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆದರೆ ಪ್ರವಾಸಿಯ ಕಣ್ಣು ಬೇರೆ, ತೊಟ್ಟಿಲು ತೂಗಲು ಹೋದವರ ಕಣ್ಣು ಬೇರೆ. ನಾನೂ ನನ್ನ ಪತ್ನಿಯೂ ತೊಟ್ಟಿಲು ತೂಗಲು ಹೋದವರು. ನಾನು ಹುಟ್ಟಿದ್ದು ಹೊಳೆನರಸೀಪುರದಲ್ಲಿ, ಬಹುಕಾಲ ಕನ್ನಡ ಪಾಠ ಹೇಳಿದ್ದು ಚನ್ನರಾಯಪಟ್ಟಣದಲ್ಲಿ. ಆಕೆಯ ತವರು ಅರಕಲಗೂಡಿನ ಕಡೆ. ಆಕೆಗೆ ಇಂಗ್ಲಿಷ್ ಬಾರದು. ಮುಂದೆ ಹೇಳಲಿರುವ ವಿಷಯಕ್ಕೆ ಈ ಕೊನೆಯ ಸಂಗತಿ ಬಹಳ ಮುಖ್ಯ.

ಮಗುವಿಗೆ ಮಾತು ಬರುವುದು ಒಂದು ವರ್ಷದ ಮೇಲೆ ಎಂದು ನಾವು ಹೇಳುತ್ತೇವೆ. ಬಾಯಿಗೆ ಮಾತು ಬರುವುದು ಆಗ, ನಿಜ. ಕಿವಿಯ ವಿದ್ಯಾಭ್ಯಾಸವಾದರೋ ಅದಕ್ಕೆ ಬಹು ಮುಂಚೆಯೇ ಆರಂಭವಾಗಿರುತ್ತದೆ. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈಗ ಪ್ರಸಿದ್ಧವಾಗಿದೆ. ಇಂಗ್ಲಿಷ್ ಮಾತ್ರ ಕೇಳಿಬರುವ ಮನೆಗಳ ಹಸುಗೂಸುಗಳಿಗೆ ಅವರು ಹಿಂದಿಯ ತಕಾರ ಟಕಾರಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಈ ಎರಡರ ಭೇದವನ್ನು ಸುಲಭವಾಗಿ ಗುರುತಿಸಿದುವು. ಹತ್ತರಿಂದ ಹನ್ನೆರಡು ತಿಂಗಳ ಕೂಸುಗಳಲ್ಲಿ ಹೆಚ್ಚಿನವಕ್ಕೆ ಅದು ಸಾಧ್ಯವಾಗಲಿಲ್ಲ. ಸುತ್ತಮುತ್ತ ಬಳಕೆಯಿಲ್ಲದ ಧ್ವನಿಭೇದವನ್ನು ಕಿವಿ ಅಷ್ಟರಲ್ಲಿಯೇ ಅನಗತ್ಯವೆಂದು ಬದಿಗಿರಿಸಿತ್ತು. ‘ತಟ್ಟೆ’ ಎಂಬ ಒಂದೇ ಮಾತಿನಲ್ಲಿ ತಕಾರವೂ ಟಕಾರವೂ ಅಕ್ಕಪಕ್ಕದಲ್ಲಿ ಕುಳಿತಿರುವ ನಮ್ಮ ಭಾಷೆಗೆ ಇದು ಎಂತಹ ವಿಷಯವೆಂದು ನೀವೇ ಊಹಿಸಬಹುದು. ಆದ್ದರಿಂದ ಎಣ್ಣೆನೀರು ಹಾಕುತ್ತ, ಕಾಲಮೇಲೆ ಮಲಗಿಸಿಕೊಂಡು, ಅರ್ಥವಿಲ್ಲದ ಮುದ್ದುಮಾತುಗಳನ್ನು ಆಡುತ್ತ ಅಜ್ಜಿಯರು ಕಳೆಯುವ ಆ ಮೊದಲ ವರ್ಷ ವ್ಯರ್ಥವಾಗುವುದಿಲ್ಲ. ಅಕ್ಷರಾಭ್ಯಾಸಕ್ಕಿಂತ ಮೊದಲಿನ ಅಭ್ಯಾಸವದು.

ನಮ್ಮ ಮೊಮ್ಮಗನ ವಿಷಯದಲ್ಲಿಯೂ ಅದು ಚೆನ್ನಾಗಿಯೇ ನಡೆಯಿತು. ವರ್ಷ ತುಂಬುವ ಹೊತ್ತಿಗೆ ‘ದೀಪ ಎಲ್ಲಿ?’ ಎಂದರೆ ಕತ್ತೆತ್ತಿ ನೋಡುತ್ತಿದ್ದ. ಆಮೇಲೆ ಶಿಶುವಿಹಾರ, ಎರಡೂವರೆ ವರ್ಷಕ್ಕೆ ಶಾಲೆಯಂತಹದೇ ಇನ್ನೊಂದು ವ್ಯವಸ್ಥೆ. ಅಲ್ಲಿ ಮಗು ತಿಂಗಳುಗಟ್ಟಲೆ ತುಟಿ ಬಿಚ್ಚಲಿಲ್ಲವಂತೆ. ಶಿಕ್ಷಕಿಯೊಬ್ಬರು ಮಗಳನ್ನು ಕರೆದು, ಮಗುವಿಗೆ ಗೊಂದಲವಾಗುತ್ತಿದೆ, ಮನೆಯಲ್ಲಿಯೂ ಇಂಗ್ಲಿಷಿನಲ್ಲಿಯೇ ಮಾತನಾಡಿ ಎಂದು ಸದುದ್ದೇಶದಿಂದಲೇ ಸಲಹೆಮಾಡಿದರು. ಮಗಳೂ ಅಳಿಯನೂ ಹೆದರಿ ಹಾಗೆಯೇ ಮಾಡಿದರು. ಆರು ತಿಂಗಳು ಕಳೆಯುವುದರೊಳಗೆ ಮಗು ಶಾಲೆಯಲ್ಲಿ ಮಾತನಾಡತೊಡಗಿತು. ಮನೆಯಲ್ಲಿ ಕನ್ನಡ ನಿಂತುಹೋಯಿತು.

ಈ ಸಲಹೆ ಎಷ್ಟೋ ದೇಶಗಳಲ್ಲಿ ಎಷ್ಟೋ ತಾಯ್ತಂದೆಯರಿಗೆ ದೊರೆತಿದೆ. ಆದರೆ ಅದಕ್ಕೆ ಆಧಾರವಿಲ್ಲ. ಎರಡು ಭಾಷೆಗಳಲ್ಲಿ ಬೆಳೆಯುವುದರಿಂದ ಮಗುವಿನ ಮಾತಿನ ಬೆಳವಣಿಗೆ ಕೆಡುವುದಿಲ್ಲವೆಂದು ಈ ವಿಷಯವನ್ನು ಅಭ್ಯಾಸಮಾಡಿದವರು ಇಂದು ಒಪ್ಪಿದ್ದಾರೆ. ಒಂದೊಂದು ಭಾಷೆಯ ಶಬ್ದಸಂಗ್ರಹವನ್ನು ಬಿಡಿಯಾಗಿ ಎಣಿಸಿದರೆ ಕಡಮೆಯೆಂದು ಕಾಣಬಹುದು. ಎರಡನ್ನೂ ಕೂಡಿಸಿ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲಕಾಲ ಮೌನವಾಗಿರುವುದೂ ಸಹಜವೇ; ಆ ಮೌನದಲ್ಲಿ ಅದು ಕೇಳಿಸಿಕೊಳ್ಳುತ್ತಿರುತ್ತದೆ. ನಿಜವಾಗಿಯೂ ಮಾತು ತಡವಾಗುವ ಮಕ್ಕಳು ಇಲ್ಲವೆಂದಲ್ಲ. ಅಂತಹ ಮಗು ಎರಡು ಭಾಷೆಗಳಲ್ಲಿಯೂ ಹಿಂದುಳಿದಿರುತ್ತದೆ. ಅದನ್ನು ವೈದ್ಯರಿಗೆ ತೋರಿಸಬೇಕು. ಅದಕ್ಕೂ ಮನೆಮಾತನ್ನು ಬಿಡಿಸುವುದು ಮದ್ದಲ್ಲ.

ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ಕಡಲಾಚೆಗೆ ಹೋಗಬೇಕಾಗಿಯೂ ಇಲ್ಲ. ಹಾಸನದ ಬಳಿಯ ಕೌಶಿಕ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಮೊದಲಾದ ಊರುಗಳ ಸಂಕೇತಿಗಳನ್ನು ನೋಡಿ. ಶತಮಾನಗಳ ಹಿಂದೆ ಸೆಂಗೋಟ್ಟೈ ಕಡೆಯಿಂದ ಹೊರಟು ಬಂದವರೆಂದು ಅವರ ಪರಂಪರೆ ಹೇಳುತ್ತದೆ. ತಮಿಳು ಮಲಯಾಳಗಳ ನೆನಪು ಉಳಿಸಿಕೊಂಡು ಕನ್ನಡವನ್ನು ಬೆರೆಸಿಕೊಂಡ ಅವರ ಮನೆಮಾತಿಗೆ ಸ್ವಂತ ಲಿಪಿಯಿಲ್ಲ, ಶಾಲೆಯಿಲ್ಲ, ಪಠ್ಯಪುಸ್ತಕವಿಲ್ಲ. ಆದರೂ ಅದು ಉಳಿಯಿತು. ಹಾಗೆಂದು ಅವರ ಕನ್ನಡಕ್ಕೇನಾದರೂ ಊನ ಬಂದಿತೇ? ರುದ್ರಪಟ್ಟಣದಲ್ಲಿ ಹುಟ್ಟಿದ ಸಂಗೀತ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರ ಕಂಠದಲ್ಲಿ ದಾಸರ ಪದಗಳನ್ನು ಇದೇ ಆಕಾಶವಾಣಿಯಲ್ಲಿ ಕೇಳಿದವರು ಉತ್ತರ ಹೇಳಬಲ್ಲರು. ನಮ್ಮ ಜಿಲ್ಲೆಯ ಹೆಬ್ಬಾರ್ ಶ್ರೀವೈಷ್ಣವರ ಮನೆಯೊಳಗೆ ಒಂದು ಬಗೆಯ ತಮಿಳು, ತಾಂಡಾಗಳಲ್ಲಿ ಲಂಬಾಣಿ, ಮುಸಲ್ಮಾನರ ಮನೆಗಳಲ್ಲಿ ಉರ್ದು. ಹೊಸಿಲು ದಾಟಿದರೆ ಎಲ್ಲರದೂ ಕನ್ನಡ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಎರಡು ಮಾತುಗಳಿಂದ ಮಕ್ಕಳ ತಲೆ ಕೆಡುವುದಾಗಿದ್ದರೆ ಆಧುನಿಕ ಕನ್ನಡ ಸಾಹಿತ್ಯದ ಅರ್ಧಪಾಲನ್ನು ಬರೆಯುವವರೇ ಇರುತ್ತಿರಲಿಲ್ಲ.

ಹಾಗಾದರೆ ಕೌಶಿಕದಲ್ಲಿ ಶತಮಾನಗಳ ಕಾಲ ಬಾಳಿದ ಮನೆಮಾತು ನ್ಯೂ ಜೆರ್ಸಿಯ ಮನೆಯಲ್ಲಿ ಆರು ತಿಂಗಳಲ್ಲಿ ಆರಿಹೋಗುವುದೇಕೆ? ವ್ಯತ್ಯಾಸವಿರುವುದು ಬಳಗದಲ್ಲಿ. ಅಲ್ಲಿ ಒಂದು ಬೀದಿಯೇ ಮನೆಮಾತನ್ನಾಡುತ್ತಿತ್ತು. ಅಜ್ಜ, ಅತ್ತೆ, ದಾಯಾದಿ, ಆಟದ ಗೆಳೆಯ ಎಲ್ಲರೂ ಅದರಲ್ಲಿಯೇ ಬೈದು ಅದರಲ್ಲಿಯೇ ರಮಿಸುತ್ತಿದ್ದರು. ಹೊರದೇಶದ ಮಗುವಿಗೆ ಕನ್ನಡವೆಂದರೆ ಇಬ್ಬರೇ ಇಬ್ಬರು, ಅದೂ ದಣಿದು ಮನೆಗೆ ಬಂದ ಇಬ್ಬರು. ಒಂದು ಸಣ್ಣ ಲೆಕ್ಕ ಹಾಕೋಣ. ಮೂರು ವರ್ಷದ ಮಗು ದಿನಕ್ಕೆ ಸುಮಾರು 12 ಗಂಟೆ ಎಚ್ಚರವಾಗಿರುತ್ತದೆಂದರೆ ವಾರಕ್ಕೆ 84 ಗಂಟೆಯಾಯಿತು. ಶಿಶುವಿಹಾರಕ್ಕೆ ದಿನಕ್ಕೆ 8ರಂತೆ ಐದು ದಿನಕ್ಕೆ 40 ಹೋಯಿತು. ಉಳಿದ 44ರಲ್ಲಿ 24 ಗಂಟೆಗಳು ಶನಿವಾರ ಭಾನುವಾರಗಳವು. ಎಂದರೆ ಕೆಲಸದ ದಿನಗಳಲ್ಲಿ ತಾಯ್ತಂದೆಯರಿಗೆ ಸಿಗುವುದು ದಿನಕ್ಕೆ ನಾಲ್ಕು ಗಂಟೆ; ಅದರಲ್ಲಿ ಕಾರಿನ ಪ್ರಯಾಣ, ಸ್ನಾನ, ಊಟ, ರಂಪ ಎಲ್ಲವೂ ಸೇರಿದೆ. ಈ ನಾಲ್ಕು ಗಂಟೆಗಳನ್ನೂ ಇಂಗ್ಲಿಷಿಗೆ ಒಪ್ಪಿಸಿದ ಮೇಲೆ ಉಳಿಯುವುದೇನು? ವಲಸೆ ಹೋದವರ ಭಾಷೆ ಮೂರನೆಯ ತಲೆಮಾರಿಗೆ ಮರೆಯಾಗುತ್ತದೆಂದು ಅಮೆರಿಕದ ಜೋಶುವಾ ಫಿಶ್‌ಮನ್ ಮೊದಲಾದವರು ತೋರಿಸಿಕೊಟ್ಟಿದ್ದಾರೆ. ನಮ್ಮ ಮನೆಯಲ್ಲಿ ಅದು ಎರಡನೆಯ ತಲೆಮಾರಿನಲ್ಲಿಯೇ ನಡೆಯುವಂತಿತ್ತು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ಮಗುವಿಗೆ ಮೂರೂವರೆ ವರ್ಷವಾಗಿದ್ದಾಗ ನಾವು ಎರಡನೆಯ ಸಲ ಹೋದೆವು. ಅವನು ಇಂಗ್ಲಿಷಿನಲ್ಲಿ ಮಾತನಾಡಿಸಿದ. ನಾನು ಇಂಗ್ಲಿಷಿನಲ್ಲಿಯೇ ಉತ್ತರಕೊಟ್ಟೆ. ಜೀವಮಾನವೆಲ್ಲ ಪಂಪ ರನ್ನರನ್ನು ಪಾಠ ಹೇಳಿದ ನನಗೆ, ಮೊಮ್ಮಗ ನನ್ನ ತೊಡೆಯೇರಿ ಪುಟ್ಟ ಪುಟ್ಟ ಇಂಗ್ಲಿಷ್ ವಾಕ್ಯಗಳನ್ನಾಡುವುದು ಹೆಮ್ಮೆಯಾಗಿಯೇ ತೋರಿತು. ಎರಡು ವಾರ ಕಳೆದಿರಬೇಕು. ಒಂದು ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಚಿತ್ರದ ಪುಸ್ತಕ ಹಿಡಿದು ಕುಳಿತಿದ್ದೆವು. ಪತ್ನಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ, “ನೀವೂ ಮಗೂನೂ ಮಾತಾಡ್ಕೊಳ್ಳಿ. ನಂಗೆ ಪಾತ್ರೆ ಇದೆ” ಎಂದು ಒಳಕ್ಕೆ ಹೋದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ. ಎಣ್ಣೆನೀರು ಹಾಕಿ ಬೆಳೆಸಿದ ಕೂಸಿನೊಡನೆ ಆಡಲು ಆಕೆಗೆ ಮಾತಿರಲಿಲ್ಲ. ಆ ಮಾತನ್ನು ಕಸಿದುಕೊಂಡವರಲ್ಲಿ ಕನ್ನಡದ ಮೇಷ್ಟರೂ ಒಬ್ಬರಾಗಿದ್ದರು.

ಮರುದಿನದಿಂದ ನಾನು ಮೊಮ್ಮಗನೊಡನೆ ಇಂಗ್ಲಿಷ್ ನಿಲ್ಲಿಸಿದೆ. ಅವನು ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಕನ್ನಡದಲ್ಲಿ. ಮಗಳಿಗೂ ಅಳಿಯನಿಗೂ ವಿಷಯ ತಿಳಿಸಿದೆವು. ಅವರೂ ಮೆಲ್ಲಗೆ ಹಿಂದಿನ ಕ್ರಮಕ್ಕೆ ಬಂದರು. ಆದರೆ ಎಲ್ಲರಿಗಿಂತ ಹೆಚ್ಚು ಫಲಕಾರಿಯಾದದ್ದು ಅಜ್ಜಿಯೇ. ಮಗು ಭಾಷೆ ಕಲಿಯುವುದು ಅಭಿಮಾನದಿಂದಲ್ಲ, ಅಗತ್ಯದಿಂದ. ಎರಡೂ ಭಾಷೆ ಬಲ್ಲ ಅಪ್ಪ ಅಮ್ಮಂದಿರೊಡನೆ ತನಗೆ ಸುಲಭವಾದುದನ್ನು ಅದು ಆರಿಸಿಕೊಳ್ಳುತ್ತದೆ. ಕೋಡುಬಳೆ ಡಬ್ಬ ಅಜ್ಜಿಯ ಕೈಯಲ್ಲಿದ್ದು ಅಜ್ಜಿಗೆ ಕನ್ನಡವಲ್ಲದೆ ಬೇರೆ ಬಾರದೆಂದಾಗ ಆರಿಸಿಕೊಳ್ಳುವ ಪ್ರಶ್ನೆಯೇ ಏಳುವುದಿಲ್ಲ. ಇಂಗ್ಲಿಷ್ ಬಾರದೆಂದು ಸಂಕೋಚಪಡುವ ನಮ್ಮ ಊರುಗಳ ಎಷ್ಟೋ ಅಜ್ಜಿಯರಿಗೆ ಈ ಮಾತು ತಲುಪಬೇಕೆಂದು ನನ್ನ ಆಸೆ.

ಎರಡು ಸಂಗತಿಗಳನ್ನು ಇಲ್ಲಿ ವಿವರಿಸುವುದು ಉಚಿತ. ಮೊದಲನೆಯದು, ಬೆರಕೆಯ ಮಾತು. “ಅಜ್ಜಿ, ನಾನು ಈಟ್ ಮಾಡಲ್ಲ” ಎಂದು ಮಗು ಹೇಳಿದರೆ ನಾವು ನಕ್ಕುಬಿಡುತ್ತೇವೆ, ಇಲ್ಲವೇ ಗದರುತ್ತೇವೆ. ವಾಕ್ಯವನ್ನು ಬಿಡಿಸಿ ನೋಡಿ: ಪರಭಾಷೆಯ ಕ್ರಿಯೆಗೆ ‘ಮಾಡು’ ಹಚ್ಚಿ, ಅದಕ್ಕೆ ನಿಷೇಧರೂಪವನ್ನು ಸೇರಿಸಿ, ಕ್ರಿಯಾಪದವನ್ನು ಕೊನೆಗಿಟ್ಟ ಆ ಮಗು ಕನ್ನಡ ವ್ಯಾಕರಣವನ್ನು ಒಂದಿಷ್ಟೂ ತಪ್ಪಿಲ್ಲ. ಹಾಸನದ ಬಸ್ ನಿಲ್ದಾಣದಲ್ಲಿ ‘ಫೋನ್ ಮಾಡು’, ‘ಬುಕ್ ಮಾಡು’ ಎನ್ನುವವರೆಲ್ಲ ಮಾಡುವುದೂ ಇದನ್ನೇ. ಮನೆ ಗಟ್ಟಿಯಾಗಿದೆ, ಸಾಮಾನು ಹೊರಗಿನದು, ಅಷ್ಟೆ. “ಊಟ ಮಾಡಲ್ವಾ ಕಂದಾ?” ಎಂದು ಮರಳಿ ನುಡಿದರೆ ಸಾಕು, ತಿದ್ದುಪಡಿ ತಾನಾಗಿಯೇ ಆಗುತ್ತದೆ.

ಎರಡನೆಯದು, ಗೌರವದ ಮಾತು. ಹೊರದೇಶದಲ್ಲಿ ಬೆಳೆದ ಮಗು ಅಜ್ಜನನ್ನೂ “ನೀನು ಬಾ” ಎಂದು ಕರೆಯುತ್ತದೆ, ಬಂಧುಗಳು ಹುಬ್ಬೇರಿಸುತ್ತಾರೆ. ಆ ಮಗು ಕೇಳಿರುವ ಕನ್ನಡವೆಲ್ಲ ತನ್ನನ್ನು ಕುರಿತು ದೊಡ್ಡವರು ಆಡಿದ ಕನ್ನಡ; ಅದರಲ್ಲಿ ‘ನೀನು’, ‘ಬಾರೋ’, ‘ತಿನ್ನು’ ಇವೇ ಇರುತ್ತವೆ. ಇಬ್ಬರು ಹಿರಿಯರು ಪರಸ್ಪರ ‘ಬನ್ನಿ, ಕೂತ್ಕೊಳ್ಳಿ’ ಎನ್ನುವುದನ್ನು ಕೇಳಿದಾಗಲಲ್ಲವೇ ಬಹುವಚನ ತಿಳಿಯುವುದು? ಅವಿನಯವೆಂದು ನಾವು ತಿಳಿಯುವುದು ವಾಸ್ತವವಾಗಿ ಒಂಟಿತನ. ಚಿಕ್ಕಪ್ಪ, ಸೋದರಮಾವ, ದೊಡ್ಡಮ್ಮ ಎಂಬ ಶಬ್ದಗಳೂ ಹಾಗೆಯೇ. ಮನುಷ್ಯರು ಎದುರಿಗಿಲ್ಲದೆ ಆ ಶಬ್ದಗಳು ನಿಲ್ಲವು.

ಅಲ್ಲಿನ ಕನ್ನಡ ಕೂಟಗಳ ಉಪಯೋಗವಿರುವುದು ಇಲ್ಲಿಯೇ. ಉತ್ತರ ಕ್ಯಾಲಿಫೋರ್ನಿಯದ ಕೂಟ 1973ರಷ್ಟು ಹಳೆಯದು. ಬ್ರಿಟನ್ನಿನ ಕನ್ನಡ ಬಳಗ 1983ರದು. ಅಮೆರಿಕದ ಕೂಟಗಳ ಒಕ್ಕೂಟವಾದ ‘ಅಕ್ಕ’ 1998ರಲ್ಲಿ ಸ್ಥಾಪನೆಯಾಯಿತು. ಹಲವೆಡೆ ವಾರಾಂತ್ಯದ ಕನ್ನಡ ತರಗತಿಗಳೂ ನಡೆಯುತ್ತವೆ. ವಾರಕ್ಕೆ ಒಂದು ಗಂಟೆಯ ಅಕ್ಷರಮಾಲೆಯಿಂದಲೇ ಭಾಷೆ ಬಂದುಬಿಡುವುದಿಲ್ಲ. ಆದರೆ ತನ್ನಂತೆಯೇ ಕನ್ನಡವಾಡುವ ಬೇರೆ ಮಕ್ಕಳೂ ಲೋಕದಲ್ಲಿದ್ದಾರೆಂದು ಮಗುವಿಗೆ ತಿಳಿಯುವುದು ಸಾಮಾನ್ಯ ಲಾಭವಲ್ಲ.

ನಾವು ಹಿಂದಿರುಗಿದ ಮೇಲೆ ಉಳಿದದ್ದು ವಿಡಿಯೊ ಕರೆ. ಅದರಿಂದ ಪ್ರಯೋಜನವುಂಟೇ ಎಂದು ಕೇಳಬಹುದು. ಸಿಯಾಟಲಿನಲ್ಲಿ ಪೆಟ್ರೀಷಿಯ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳೊಡನೆ ಚೀನೀ ಭಾಷೆಯವರು 12 ಸಲ ಕುಳಿತು ಆಡಿ ಮಾತನಾಡಿದರು. ಆ ಕೂಸುಗಳು ಚೀನೀ ಧ್ವನಿಗಳನ್ನು ಗುರುತಿಸಲು ಕಲಿತುವು. ಅದನ್ನೇ ದೂರದರ್ಶನದ ತೆರೆಯಲ್ಲಿ ನೋಡಿದ ಕೂಸುಗಳು ಏನೂ ಕಲಿಯಲಿಲ್ಲ. ಆದರೆ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಎರಡು ಎರಡೂವರೆ ವರ್ಷದ ಮಕ್ಕಳು ವಿಡಿಯೊ ಕರೆಯ ಮೂಲಕ ಹೊಸ ಶಬ್ದಗಳನ್ನು ಕಲಿತರು. ಮೊದಲೇ ಮುದ್ರಿಸಿದ ಚಿತ್ರದಿಂದ ಕಲಿಯಲಿಲ್ಲ. ಮಗು ನಕ್ಕರೆ ನಗುವ, ಕೇಳಿದರೆ ಉತ್ತರಿಸುವ ಮುಖವೊಂದು ಆಚೆಯಿಂದ ಬೇಕು. ಹಾಡಿನ ಚಿತ್ರಮಾಲೆ ಹಾಕಿ ಮಗುವನ್ನು ಕೂರಿಸಿದರೆ ಆ ಕೆಲಸ ನಡೆಯದು. ಅಜ್ಜಿ ಹತ್ತು ನಿಮಿಷ ಮಾತನಾಡಿದರೆ ನಡೆಯುತ್ತದೆ.

ಈಗ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ರಾತ್ರಿ, ಅಲ್ಲಿ ಬೆಳಗಾಗಿರುವಾಗ, ಆ ಹತ್ತು ನಿಮಿಷ ಅಜ್ಜಿಯದು. ಮೊಮ್ಮಗನಿಗೆ ಈಗ ಐದು ವರ್ಷ. ಅವನ ಕನ್ನಡದಲ್ಲಿ ಇಂಗ್ಲಿಷ್ ಬೇಕಾದಷ್ಟಿದೆ. ಅವನು ಪಂಪನನ್ನು ಓದುವನೆಂದು ನಾನು ನಿರೀಕ್ಷಿಸಿಲ್ಲ. ಅವನ ಮಕ್ಕಳು ಯಾವ ಮಾತನ್ನಾಡುವರೋ ಬಲ್ಲವರಾರು? ಮೊನ್ನೆ ನಾನು ಪಕ್ಕದಲ್ಲಿ ಕುಳಿತಿದ್ದಾಗ ಅವನು ಗುಟ್ಟಿನಲ್ಲಿ ಅಜ್ಜಿಯನ್ನು ಕೇಳಿದ: “ಅಜ್ಜಿ, ತಾತಂಗೆ ಇಂಗ್ಲಿಷ್ ಮರ್ತೋಯ್ತಾ?” ಆಕೆ ಅಷ್ಟೇ ಗುಟ್ಟಾಗಿ “ಹ್ಞೂ ಕಣೋ, ವಯಸ್ಸಾಯ್ತಲ್ಲ” ಎಂದಳು. ನಾನು ಅದನ್ನು ತಿದ್ದಲು ಹೋಗಲಿಲ್ಲ.

(ಆಕಾಶವಾಣಿಯ ಕೃಪೆಯಿಂದ)