ಮಗು ರಚ್ಚೆ ಹಿಡಿದಾಗ ದೊಡ್ಡವರು ಸೋಲಬಾರದು, ಸಿಡುಕಲೂಬಾರದು

ಸಂಜೆ ಏಳರ ಹೊತ್ತು. ಡೊಂಬಿವಲಿ ಸ್ಟೇಶನ್ ಹೊರಗಿನ ಅಂಗಡಿ ಬೀದಿಯಲ್ಲಿ ಎರಡೂವರೆ ವರ್ಷದ ಮಗುವೊಂದು ಬಲೂನಿಗಾಗಿ ನೆಲಕ್ಕೆ ಬಿದ್ದು ಹೊರಳಾಡುತ್ತಿದೆ. ತಾಯಿ ಆಗಷ್ಟೇ ಲೋಕಲ್ ಗಾಡಿಯಿಂದ ಇಳಿದು, ಪಾಳಣಾಘರ್‌ನಿಂದ ಮಗುವನ್ನು ಕರೆತಂದಿದ್ದಾಳೆ. ಸುತ್ತ ಜನ ನಿಂತು ನೋಡುತ್ತಾರೆ. ಆಕೆ ಬಲೂನು ಕೊಡಿಸುತ್ತಾಳೆ, ಇಲ್ಲವೇ ಬೆನ್ನಿಗೊಂದು ಬಾರಿಸುತ್ತಾಳೆ. ಯಾವುದನ್ನು ಮಾಡಿದರೂ ಮಾಡುವುದು ನೋಡುವವರ ಬಾಯಿಗೆ ಹೆದರಿ.

ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಇಂಥ ರಂಪಾಟ ಸಹಜ. ಆಸೆಗಳು ಬೆಳೆದಿರುತ್ತವೆ, ಹೇಳಿಕೊಳ್ಳಲು ಮಾತು ಸಾಲದು. ಸಿಟ್ಟನ್ನು ಹತೋಟಿಯಲ್ಲಿಡುವ ಮೆದುಳಿನ ಮುಂಭಾಗ ಇನ್ನೂ ಬಲಿತಿರುವುದಿಲ್ಲ. ಹಸಿವು, ದಣಿವು, ನಿದ್ದೆಗೇಡು ಸೇರಿದರೆ ಸಣ್ಣ ನೆಪ ಸಾಕು. ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ರಾತ್ರಿ ಹನ್ನೊಂದಕ್ಕೆ ಊಟ, ಬೆಳಿಗ್ಗೆ ಆರಕ್ಕೆ ಧಾವಂತ ಎಂಬ ಮನೆಗಳಲ್ಲಿ ಈ ಲೆಕ್ಕ ಕೂಡುವುದೇ ಇಲ್ಲ.

ರಚ್ಚೆಯ ನಡುವೆ ಬುದ್ಧಿವಾದ ಕಿವಿಗೆ ಬೀಳದು. ಮಗುವಿಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು. ರಸ್ತೆಯಾದರೆ ಎತ್ತಿ ಬದಿಗೆ ಒಯ್ಯಬೇಕು. ಪಕ್ಕದಲ್ಲಿ ಕುಳಿತು ತಗ್ಗಿದ ದನಿಯಲ್ಲಿ, "ಬಲೂನು ಬೇಕಿತ್ತು, ಸಿಗಲಿಲ್ಲ, ಸಿಟ್ಟು ಬಂತಲ್ವಾ ಮಗಾ" ಎಂದರೆ ಸಾಕು. ಹೆಚ್ಚಿನ ರಂಪಾಟ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಇಳಿದ ಮೇಲೆ ತಬ್ಬಿಕೊಳ್ಳಬೇಕು, ಬಲೂನು ಮಾತ್ರ ಕೊಡಿಸಬಾರದು. ಒಂಬತ್ತು ಸಲ ಇಲ್ಲವೆಂದು ಹತ್ತನೆಯ ಸಲ ಸೋತರೆ, ಸಾಕಷ್ಟು ಅತ್ತರೆ ಸಿಕ್ಕೇ ಸಿಗುತ್ತದೆ ಎಂಬ ಪಾಠವನ್ನೇ ಮಗು ಕಲಿಯುತ್ತದೆ.

ಅಪ್ಪ ಬೇಡವೆಂದದ್ದನ್ನು ಊರಿನಿಂದ ಬಂದ ಅಜ್ಜಿ ಸೆರಗಿನ ಮರೆಯಲ್ಲಿ ಕೊಟ್ಟರೂ ಪರಿಣಾಮ ಅದೇ. ಮನೆಯ ದೊಡ್ಡವರೆಲ್ಲ ಮೊದಲೇ ಕುಳಿತು ಒಂದು ಮಾತಿಗೆ ಬರಬೇಕು. ಚಾಳಿನ ತೆಳುಗೋಡೆಯಾಚೆ ಅಳು ಕೇಳೀತೆಂದು ಕೈಗೆ ಮೊಬೈಲ್ ಕೊಡುವುದೂ ಸೋಲೇ. ನೆರೆಯವರಿಗೆ ಮುಂಚಿತವಾಗಿ ಒಂದು ಮಾತು ಹೇಳಿಟ್ಟರೆ ಅರ್ಧ ಅಳುಕು ಕಳೆಯುತ್ತದೆ.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎನ್ನುತ್ತಾ ಕೈಯೆತ್ತುವವರಿದ್ದಾರೆ. ಹೊಡೆದರೆ ಅಳು ನಿಂತೀತು. ಆದರೆ ಸಿಟ್ಟು ಬಂದಾಗ ಕೈ ಮಾಡಬಹುದೆಂದು ಮಗುವೂ ಕಲಿಯುತ್ತದೆ.

ಕೆಲವು ಮಕ್ಕಳು ಅಳುತ್ತಾ ಉಸಿರು ಕಟ್ಟಿ ನೀಲಿಗಟ್ಟುವುದುಂಟು. ಸಾಮಾನ್ಯವಾಗಿ ಅದು ತಾನಾಗಿ ಸರಿಹೋಗುತ್ತದೆ. ಆದರೂ ವೈದ್ಯರಿಗೆ ತೋರಿಸಲೇಬೇಕು, ಕಬ್ಬಿಣಾಂಶದ ಕೊರತೆಯೂ ಇದ್ದೀತು. ಐದು ವರ್ಷ ದಾಟಿದರೂ ರಂಪಾಟ ತಗ್ಗದಿದ್ದರೆ, ಮಗು ತನ್ನನ್ನೇ ಗಾಯ ಮಾಡಿಕೊಂಡರೆ, ಮಾತು ತಡವಾದರೆ ಮಕ್ಕಳ ತಜ್ಞರ ಸಲಹೆ ಅಗತ್ಯ.

ಬೀದಿಯಲ್ಲಿ ನಿಂತು ನೋಡುವವರಿಗೂ ಒಂದು ಕೆಲಸವಿದೆ. "ಎಂಥಾ ಹಠಮಾರಿ ಮಗು" ಎನ್ನುವ ಬದಲು ಆ ತಾಯಿಯ ಕೈಯಲ್ಲಿರುವ ತರಕಾರಿ ಚೀಲವನ್ನು ಎರಡು ನಿಮಿಷ ಹಿಡಿದುಕೊಂಡರೆ, ಆಕೆಗೆ ಮಗುವನ್ನು ಎತ್ತಿಕೊಳ್ಳಲು ಎರಡೂ ಕೈ ಬಿಡುವಾದೀತು.