ನಿಮಗಿದು ಗೊತ್ತೇ? ದುರ್ಗದ ದತ್ತಣ್ಣ

ಬೆಳ್ಳಿತೆರೆಯ ಅಚ್ಚುಮೆಚ್ಚಿನ ಅಜ್ಜ ದತ್ತಣ್ಣ ನಮ್ಮ ಚಿತ್ರದುರ್ಗದವರು. ಪೂರ್ತಿ ಹೆಸರು ಎಚ್.ಜಿ. ದತ್ತಾತ್ರೇಯ, ಹುಟ್ಟಿದ್ದು 1942ರಲ್ಲಿ.

ಎಸ್ಸೆಸ್ಸೆಲ್ಸಿಯಲ್ಲಿ ಇಡೀ ರಾಜ್ಯಕ್ಕೇ ಮೊದಲ ರ‍್ಯಾಂಕ್! ಪಿಯುಸಿಯಲ್ಲಿ ಎರಡನೆಯದು.

ಎಂಜಿನಿಯರಿಂಗ್ ಓದಿ ಸೇರಿದ್ದು ವಾಯುಪಡೆಗೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದು ವಿಂಗ್ ಕಮಾಂಡರ್ ಆಗಿ ನಿವೃತ್ತರಾದರು. ಆಮೇಲೆ ಎಚ್‌ಎಎಲ್‌. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ದುರ್ಗದ ಬಂಡೆಗಳನ್ನು ನಾಡಿಗೆಲ್ಲ ತೋರಿಸಿದಾಗ, ಅದೇ ದುರ್ಗದ ಈ ಮೂವತ್ತರ ಯುವಕ ಇನ್ನೂ ವಾಯುಪಡೆಯ ಸಮವಸ್ತ್ರ ತೊಟ್ಟಿದ್ದರು.

ನಾಟಕದ ನಂಟು ಮಾತ್ರ ಶಾಲೆಯ ದಿನಗಳದ್ದು. ದೆಹಲಿಯಲ್ಲಿದ್ದಾಗಲೂ ಕನ್ನಡ ನಾಟಕಕ್ಕೆ ಬಣ್ಣ ಹಚ್ಚಿದರು. ಸಿನಿಮಾ ಕೈಹಿಡಿದದ್ದು ಎಂಬತ್ತರ ದಶಕದ ಕೊನೆಗೆ, ನಲವತ್ತೈದರ ಆಸುಪಾಸಿನಲ್ಲಿ: ‘ಆಸ್ಫೋಟ’, ‘ಉದ್ಭವ’. ಬೇರೆಯವರು ಪಿಂಚಣಿಯ ಲೆಕ್ಕ ಹಾಕುವ ಹೊತ್ತಿಗೆ ಇವರು ಹೊಸಬರಾಗಿ ಕ್ಯಾಮೆರಾ ಮುಂದೆ ನಿಂತರು. ಈ ಧೈರ್ಯಕ್ಕೆ ನನ್ನದೊಂದು ನಮಸ್ಕಾರ.

ಪಿ. ಶೇಷಾದ್ರಿಯವರ ಮೊದಲ ಚಿತ್ರ ‘ಮುನ್ನುಡಿ’ (2000). ಕಥೆ ಬೊಳುವಾರು ಮಹಮದ್ ಕುಂಞಿ ಅವರದು. ಅದಕ್ಕಾಗಿ ದತ್ತಣ್ಣನವರಿಗೆ ಶ್ರೇಷ್ಠ ಪೋಷಕ ನಟನ ರಾಷ್ಟ್ರಪ್ರಶಸ್ತಿ ಬಂತು.

ಮತ್ತೆ ಅದೇ ಶೇಷಾದ್ರಿ, 2012ರಲ್ಲಿ ‘ಭಾರತ್ ಸ್ಟೋರ್ಸ್’. ಮಾಲ್‌ಗಳ ಅಬ್ಬರಕ್ಕೆ ಸಿಕ್ಕಿ ಸೋಲುವ ದಿನಸಿ ಅಂಗಡಿಯ ಶೆಟ್ಟರ ಪಾತ್ರ. ಹೊಸದುರ್ಗದ ಪೇಟೆಯಲ್ಲೋ ನಮ್ಮ ರಾಮಗಿರಿಯಲ್ಲೋ ಗಲ್ಲಾದ ಮುಂದೆ ಕೂತು, ಉದ್ರಿ ಪುಸ್ತಕ ಬಿಚ್ಚಿಟ್ಟುಕೊಂಡು, ಬಂದ ಮಗುವಿನ ಕೈಗೆ ಒಂದಿಷ್ಟು ಬೆಲ್ಲ ಇಡುವ ಶೆಟ್ಟರನ್ನು ಕಂಡವರಿಗೆ ಈ ಪಾತ್ರ ತೀರಾ ಹತ್ತಿರದ್ದು. ರ‍್ಯಾಂಕ್ ವಿದ್ಯಾರ್ಥಿಯೂ ಕಾಣುವುದಿಲ್ಲ, ವಿಂಗ್ ಕಮಾಂಡರೂ ಕಾಣುವುದಿಲ್ಲ. ಕಾಣುವುದು ಅಂಗಡಿಯೇ ಉಸಿರಾದ ಒಬ್ಬ ಮುದುಕ. ಅವರ ಅಭಿನಯದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದು. ರಾಷ್ಟ್ರಪ್ರಶಸ್ತಿ ಸಮಿತಿಯೂ ಅವರ ಅಭಿನಯವನ್ನು ವಿಶೇಷವಾಗಿ ಉಲ್ಲೇಖಿಸಿತು.

‘ನೀರ್‌ದೋಸೆ’ (2016) ನೋಡಿದ್ದೀರಾ? ಜಗ್ಗೇಶ್ ಜೊತೆಗೆ ಎಪ್ಪತ್ತು ದಾಟಿದ ದತ್ತಣ್ಣ!

2019ರಲ್ಲಿ ಹಿಂದಿಯ ‘ಮಿಷನ್ ಮಂಗಲ್’. ಮಂಗಳಯಾನದ ತಂಡದ ಹಿರಿಯ ತಂತ್ರಜ್ಞನ ಪಾತ್ರ. ವಿಮಾನಗಳ ನಡುವೆ ಬದುಕು ಸವೆಸಿದ ನಿಜವಾದ ಎಂಜಿನಿಯರ್‌ಗೆ ಎಪ್ಪತ್ತೇಳನೇ ವಯಸ್ಸಿಗೆ ಸಿಕ್ಕ ಪಾತ್ರ ಅದು.

ಇನ್ನೊಂದು ಸಂಗತಿ. ಬ್ಯಾಂಕ್ ಅಧಿಕಾರಿಯಾಗಿದ್ದುಕೊಂಡೇ ರಂಗಭೂಮಿ, ಸಿನಿಮಾ ಎರಡರಲ್ಲೂ ಹೆಸರು ಮಾಡಿದ ಎಚ್.ಜಿ. ಸೋಮಶೇಖರ ರಾವ್ ಇವರ ಸ್ವಂತ ಅಣ್ಣ. ಸೋಮಶೇಖರ ರಾವ್ 2020ರ ನವೆಂಬರ್‌ನಲ್ಲಿ ತೀರಿಕೊಂಡರು.